ಅಂಗೈಯಗಲದ ಆಂಪ್ಲಿಫೈಯರ್ ಮಾರಲು ಹೋಗಿ

ನಮ್ಮ ಅಂಗಡಿಗೆ ಬಂದು ಒಬ್ಬರಾದರೂ ನನ್ನ ತಲೆ ತಿನ್ನಲಿಲ್ಲ ಅಂದರೆ ಅವತ್ತು ಅಂಗಡಿಗೆ ರಜಾ ಅಂತಲೇ ಅರ್ಥ. ಹುಣಸೂರಿನಲ್ಲಿ ನನ್ನದೊಂದು ಎಲೆಕ್ಟ್ರಾನಿಕ್ಸ್ ಅಂಗಡಿ. ಡಿಪ್ಲೊಮಾ ಓದಿದವಳು ನಾನು. ನನ್ನ ಗಂಡನಿಗೆ ಬಲ್ಬು ಬದಲಾಯಿಸೋಕೂ ಬರೋಲ್ಲ. ಆದರೂ ಬಂದವರು ಮೊದಲು ಕೇಳುವುದು, "ಯಜಮಾನ್ರಿಲ್ವೇನಮ್ಮ?"

ಈಗ ಮನೇಲಿ ಹಾಡು ಕೇಳೋಕೆ ಕ್ಲಾಸ್ ಡಿ ಅನ್ನೋ ಪುಟ್ಟ ಆಂಪ್ಲಿಫೈಯರ್ ಬಂದಿದೆ. ಅಂಗೈಯಗಲ, ಕರೆಂಟು ಕಮ್ಮಿ, ಸದ್ದು ಜೋರು. ಇಷ್ಟು ಒಳ್ಳೆಯ ಸಾಮಾನು ತಾನಾಗೇ ಮಾರಾಟವಾಗುತ್ತೆ ಅಂದುಕೊಂಡಿದ್ದೆ.

ಬಿಸಿಯೇ ಇಲ್ಲ

ಹನಗೋಡಿನ ಗೌಡರೊಬ್ಬರು ಅದನ್ನು ಕೈಯಲ್ಲಿ ಎತ್ತಿ ನೋಡಿ, "ಇದೇನವ್ವ, ಸೋಪಿನ ಡಬ್ಬ ಇದ್ದಂಗದೆ? ನಮ್ ಹಳೇದು ಎತ್ತೋಕೆ ಇಬ್ರು ಬೇಕು," ಅಂದರು.

"ಹಳೇದು ಅರ್ಧ ಕರೆಂಟನ್ನ ಬಿಸಿ ಮಾಡಿಯೇ ಕಳೀತಿತ್ತು ಗೌಡ್ರೇ. ಇದು ಬಿಸಿಯೇ ಆಗಲ್ಲ."

ಗೌಡರ ಮುಖ ಬಾಡಿತು. "ಆಗಕ್ಕೇ ಇಲ್ವಾ?"

"ಇಲ್ಲ. ಅದೇ ಇದರ ದೊಡ್ಡ ಗುಣ."

ಡಬ್ಬವನ್ನು ಮೆಲ್ಲಗೆ ಮೇಜಿನ ಮೇಲಿಟ್ಟರು. "ಬ್ಯಾಡ ಬುಡವ್ವ. ಚಳಿಗಾಲದಲ್ಲಿ ನಮ್ ಬೆಕ್ಕು ಎಲ್ ಮನೀಕಬೇಕು?"

ಮನೆಯ ಅಳತೆ

ಹಂಪಾಪುರದಿಂದ ಬಂದ ಯುವಕನೊಬ್ಬ ಹಟ ಹಿಡಿದ. "ಅಕ್ಕ, ಇರೋದ್ರಲ್ಲೇ ಜಾಸ್ತಿ ವ್ಯಾಟ್ಸಿಂದು ಕೊಡಿ."

ಮನೆಯ ಹಾಲಿಗೆ ತಕ್ಕಷ್ಟು ವ್ಯಾಟ್ಸ್ ಇದ್ದರೆ ಸಾಕು, ಸುಮ್ಮನೆ ದೊಡ್ಡದು ತಗೊಂಡು ಕಿವಿ ಹಾಳು ಮಾಡ್ಕೋಬೇಡ ಅಂತ ಗಂಟಲು ಒಣಗುವ ತನಕ ಹೇಳಿದೆ. ಕೊನೆಗೆ ಕೇಳಿದೆ, "ನಿಮ್ಮ ಮನೆ ಅಷ್ಟು ದೊಡ್ಡದೇನಪ್ಪ?"

"ನಮ್ಮನೆ ಚಿಕ್ಕದೇ ಅಕ್ಕ. ಮಾವನ್ ಮಗಳ ಮನೆ ವಸಿ ದೂರ ಅದೆ."

ಡಿ ಬೇಡ

ಕೆ.ಆರ್. ನಗರದಿಂದ ಬಂದವರು ಸರ್ಕಾರಿ ಕಚೇರಿಯೊಂದರಲ್ಲಿ ಜವಾನರು. ಎಲ್ಲ ಒಪ್ಪಿಗೆಯಾಗಿತ್ತು. ನಾನು ಬಾಯಿತಪ್ಪಿ "ಇದು ಕ್ಲಾಸ್ ಡಿ" ಅಂದುಬಿಟ್ಟೆ.

"ಏನಂದ್ರಿ? ಡೀನಾ? ಆಫೀಸಲ್ಲಿ ಇಡೀ ಜೀವ್ನ ಡಿ ಗ್ರೂಪಾಗೇ ಕಳೆದೋಯ್ತು. ಮನೇಲೂ ಡೀನೇ ಇರಬೇಕೇನ್ರೀ? ಎ ಕ್ಲಾಸೇ ಕೊಡಿ!"

ಎ ಅನ್ನೋದು ಸುಮ್ಮನೆ ಕೂತಿದ್ದರೂ ಕರೆಂಟು ಎಳೀತಾ ಬಿಸಿಯೇರುತ್ತೆ, ಡಿ ಕಮ್ಮಿ ತಿಂದು ಜಾಸ್ತಿ ಕೆಲಸ ಮಾಡುತ್ತೆ ಅಂತ ವಿವರಿಸಿದೆ.

ಅವರು ಡಬ್ಬವನ್ನು ತಮ್ಮ ಕಡೆಗೆ ಎಳೆದುಕೊಂಡರು. "ಹಂಗಾರೆ ಇದು ನಮ್ಮ ಆಫೀಸೇ ಬುಡಿ. ಕಟ್ಟಿಕೊಡಿ, ಡೀನೇ ಇರ್ಲಿ."

ಒಂದೇ ಗೋಡೆ

ಪಿರಿಯಾಪಟ್ಟಣದ ಅಣ್ಣ ತಮ್ಮಂದಿರದು ಒಂದೇ ಗೋಡೆಯ ಎರಡು ಮನೆ. ನಲ್ಲಿ ನೀರಿನ ವಿಷಯಕ್ಕೆ ಜಗಳವಾಗಿ ಮಾತು ಬಿಟ್ಟಿದ್ದರು. ಅಣ್ಣ ಬಂದು ಬ್ಲೂಟೂತ್ ಇರೋ ಆಂಪ್ಲಿಫೈಯರ್ ತಗೊಂಡು ಹೋದ. ಹಿಂದೆಯೇ ತಮ್ಮ ಬಂದ. "ಅಣ್ಣ ತಗೊಂಡೋದ್ನಲ್ಲ, ಅದೇ ಬೇಕು." ಬೇರೆ ಮಾಡೆಲ್ ತೋರಿಸಿದರೆ ತಿರುಗಿಯೂ ನೋಡಲಿಲ್ಲ.

ಕೆಲವು ದಿನ ಬಿಟ್ಟು ಅಣ್ಣನ ಫೋನು. "ನೀವ್ ಕೊಟ್ಟಿದ್ದು ಸತ್ತೋಗದೆ ಕಣಕ್ಕ! ಸೌಂಡು ಪೂರ್ತಿ ಕೊಟ್ರೂ ಉಸ್ರಿಲ್ಲ." ಅದನ್ನಿಡುವಷ್ಟರಲ್ಲಿ ತಮ್ಮನ ಫೋನು. "ಅಕ್ಕ, ನಾನು ಮುಟ್ಟೇ ಇಲ್ಲ, ಇದು ತಾನಾಗೇ ಭಜನೆ ಬಡೀತಾ ಅದೆ!"

ಎರಡೂ ಆಂಪ್ಲಿಫೈಯರಿಗೆ ಬ್ಲೂಟೂತಿನಲ್ಲಿ ಒಂದೇ ಹೆಸರು. ಅಣ್ಣ ತನ್ನ ಫೋನಿಗೆ ಜೋಡಿಸಿಕೊಂಡಿದ್ದು ಗೋಡೆಯಾಚೆಯ ತಮ್ಮನದನ್ನ. ಹೇಗೆ ಬದಲಾಯಿಸಬೇಕು ಅಂತ ಹೇಳಿಕೊಟ್ಟೆ. ಅಣ್ಣ "ಹೂಂ ಹೂಂ" ಅಂದ, ಬದಲಾಯಿಸಲಿಲ್ಲ.

ಭಾನುವಾರ ತಮ್ಮನ ಮನೇಲಿ ಕೋಳಿ ಸಾರು. ಎಲ್ಲರೂ ಊಟಕ್ಕೆ ಕೂತಿದ್ದಾರೆ. ಗೋಡೆಯಾಚೆ ಅಣ್ಣ ತನ್ನ ತಂಗಿಗೆ ವಾಟ್ಸಾಪಿನಲ್ಲಿ ಮಾತು ರೆಕಾರ್ಡ್ ಮಾಡಿ ಕಳಿಸಿ, ಸರಿಯಾಗಿ ಬಂದಿದೆಯಾ ಅಂತ ನೋಡೋಕೆ ತಾನೇ ಅದನ್ನ ಒಮ್ಮೆ ಹಾಕಿದ. ಅವನ ದನಿ ತಮ್ಮನ ಮನೆಯ ಹಾಲಿನಲ್ಲಿದ್ದ ಆಂಪ್ಲಿಫೈಯರಿನಲ್ಲಿ ಗುಡುಗಿತು:

"ಸಾರಿನ್ ಘಮ ಬತ್ತಾ ಅದೆ ಕಣವ್ವ. ಅವ್ನು ಒಂದ್ ಮಾತು ಕರೆದಿದ್ರೆ ಹೋಗ್ತಿದ್ದೆ. ನಾನಾಗೇ ಎಂಗೆ ಹೋಗ್ಲಿ?"

ತಮ್ಮ ಎಂಜಲು ಕೈಯಲ್ಲೇ ಎದ್ದು ಹೋಗಿ ಅಣ್ಣನನ್ನು ಎಳಕೊಂಡು ಬಂದನಂತೆ.

ಮಾರನೆಯ ದಿನ ಇಬ್ಬರೂ ಒಂದೇ ಬೈಕಿನಲ್ಲಿ ನನ್ನ ಅಂಗಡಿಗೆ ಬಂದು ಇದನ್ನೆಲ್ಲ ಹೇಳುವಾಗ ನನಗೂ ಕಣ್ಣು ತುಂಬಿತು. ನನ್ನ ಕಷ್ಟ ಸಾರ್ಥಕವಾಯಿತು ಅಂತ ಟೀ ತರಿಸಿದೆ. ಟೀ ಕುಡಿದ ಅಣ್ಣ ಚೀಲದಿಂದ ಆಂಪ್ಲಿಫೈಯರ್ ತೆಗೆದು ನನ್ನ ಮುಂದಿಟ್ಟ.

"ಈಗ ಇಬ್ರೂ ಒಂದೇ ಹಾಲಲ್ಲಿ ಕೂತ್ಕೊಂಡು ಕೇಳ್ತೀವಿ ಕಣಕ್ಕ. ಎರಡ್ಯಾಕೆ? ಇದನ್ನ ವಾಪಸ್ ತಗೊಳ್ಳಿ."