ಮದ್ದೋ ಸೀಮೆಸುಣ್ಣವೋ

ಇತ್ಯರ್ಥವಾಗದೆ ಉಳಿದ ಮಹಾಪ್ರಶ್ನೆಗಳು ಜಗತ್ತಿನಲ್ಲಿ ಕೆಲವಿವೆ. ಆಕಾಶದ ಅಂಚು ಎಲ್ಲಿದೆ, ಮನಸ್ಸು ಇರುವುದು ತಲೆಯಲ್ಲೋ ಎದೆಯಲ್ಲೋ, ಹೀಗೆ. ಅವುಗಳ ಸಾಲಿಗೆ ಸೇರಬೇಕಾದ ಇನ್ನೊಂದು ಪ್ರಶ್ನೆ ಒಂದು ಬೆಳಿಗ್ಗೆ ಹೊಲಿಗೆ ಅಂಗಡಿಯ ಹಿಂಕೋಣೆಯಲ್ಲಿ, ಇಸ್ತ್ರಿಮೇಜಿನ ಪಕ್ಕದಲ್ಲಿ ಎದ್ದಿತು: ಕೋಟುಮಾಸ್ತರರ ಶೀಶೆಯಲ್ಲಿರುವ ಬಿಳಿ ಮಾತ್ರೆ ಮದ್ದೋ, ಸೀಮೆಸುಣ್ಣವೋ?

ಕೋಟುಮಾಸ್ತರರು ಶಾಲೆಯ ಮಾಸ್ತರರಲ್ಲ. ಆ ಅಂಗಡಿಯಲ್ಲಿ ಕೋಟು ಹೊಲಿಯುವ ಹಕ್ಕು ಅವರೊಬ್ಬರದೇ ಆಗಿದ್ದರಿಂದ ಬಂದ ಹೆಸರು ಅದು. ಕಿಟಕಿ ಪಕ್ಕದ ಯಂತ್ರವೂ ಅವರದೇ. ಆದರೆ ಕೆಲವು ತಿಂಗಳಿಂದ ಅವರ ಸೊಂಟ ಮುಷ್ಕರ ಹೂಡಿತ್ತು. ಕೂತರೆ ಏಳಲಾಗದು, ಎದ್ದರೆ ಕೂರಲಾಗದು. ಅರ್ಧ ಮಡಚಿಟ್ಟ ಛತ್ರಿಯಂತೆ ಓಡಾಡುತ್ತಿದ್ದರು. ದೊಡ್ಡಾಸ್ಪತ್ರೆಯಲ್ಲಿ ಸೊಂಟನೋವಿನ ಹೊಸ ಮಾತ್ರೆಯೊಂದರ ಪ್ರಯೋಗ ನಡೆಯುತ್ತಿದೆ ಎಂದು ತಿಳಿದು ಅದಕ್ಕೆ ಸೇರಿಕೊಂಡಿದ್ದರು. ಇವತ್ತು ಸಂಜೆ ಕೊನೆಯ ತಪಾಸಣೆ.

ಅಂಗಡಿ ಯಜಮಾನರು ಬಾಗಿಲು ತೆಗೆಯುತ್ತಲೇ ವಿಷಯಕ್ಕೆ ಬಂದಿದ್ದರು. "ನೋಡಿ ಮಾಸ್ತರೇ, ನಾನೂ ಎಷ್ಟು ದಿನ ಅಂತ ಕಾಯ್ಲಿ? ಡಾಕ್ಟರು ಸೊಂಟ ಸರಿಹೋಗಿದೆ ಅಂದ್ರೆ ಸಂತೋಷ. ಇಲ್ಲಾಂದ್ರೆ ನಾಳೆಯಿಂದ ಆ ಮಿಷಿನ್ನಿಗೆ ಬೇರೆಯವರು. ನೀವು ಗುಂಡಿ ಹಚ್ಕೊಂಡಿರಿ."

ಗುಂಡಿ ಹಚ್ಚುತ್ತಿದ್ದವರು ಗುಂಡಿಯಕ್ಕ. ಹಿಂದೆ ಅವರೂ ಯಂತ್ರ ತುಳಿದವರೇ. ಮಂಡಿ ಕೈಕೊಟ್ಟ ಮೇಲೆ ಸೂಜಿದಾರ ಹಿಡಿದು ಮೂಲೆ ಸೇರಿದ್ದರು.

"ಅಲ್ಲ ಮಾಸ್ತರೇ, ಇಷ್ಟು ದಿನ ನುಂಗಿದೀರಲ್ಲ, ಒಂಚೂರಾದ್ರೂ ಗುಣ ಕಾಣ್ಲಿಲ್ವಾ?"

"ಹೆಂಗೆ ಕಾಣುತ್ತೆ ಅಕ್ಕ? ಕೆಲವರಿಗೆ ಅಸಲಿ ಮದ್ದು ಕೊಡ್ತಾರೆ, ಕೆಲವರಿಗೆ ಬರೀ ಸುಣ್ಣದಂಥ ಖಾಲಿ ಮಾತ್ರೆ. ನೋಡೋಕೆ ಎರಡೂ ಒಂದೇ. ಮದ್ದು ಎಷ್ಟು ವಾಸಿ ಮಾಡುತ್ತೆ, ಮನಸ್ಸು ಎಷ್ಟು ವಾಸಿ ಮಾಡುತ್ತೆ ಅಂತ ನೋಡ್ತಾರಂತೆ. ನನ್ನ ಹಣೆಬರಹಕ್ಕೆ ಖಾಲಿದೇ ಸಿಕ್ಕಿರುತ್ತೆ."

"ಡಾಕ್ಟರನ್ನೇ ಕೇಳೋದಲ್ವಾ?"

"ಅವರಿಗೂ ಗೊತ್ತಿಲ್ಲ. ಗೊತ್ತಾಗಬಾರದು ಅಂತಲೇ ನಿಯಮ."

ಬಟ್ಟೆ ಕತ್ತರಿಸುತ್ತಿದ್ದ ಕತ್ತರಿಯಣ್ಣ ಕೈ ನಿಲ್ಲಿಸಿದ. "ಕೊಡೋರಿಗೂ ಗೊತ್ತಿಲ್ಲ, ತಗೊಳ್ಳೋರಿಗೂ ಗೊತ್ತಿಲ್ಲ. ಮತ್ತೆ ಯಾರಿಗೆ ಗೊತ್ತು?"

"ಕಂಪ್ಯೂಟರಿಗೆ."

"ಅದಕ್ಕೆ ಸೊಂಟ ಇದೆಯೇನ್ರೀ?" ಕತ್ತರಿಯಣ್ಣ ಎದ್ದು ಬಂದ. "ಸೀಮೆಸುಣ್ಣ ಹೌದೋ ಅಲ್ವೋ ಹೇಳೋಕೆ ಕಂಪ್ಯೂಟರ್ ಬೇಕಾ? ನನ್ನ ಅರ್ಧ ಆಯಸ್ಸು ಚಾಕ್ ಹಿಡಿದೇ ಕಳೀತು. ತನ್ನಿ ಇಲ್ಲಿ."

"ಉಳಿದಿದ್ದನ್ನ ಶೀಶೆ ಸಮೇತ ವಾಪಸ್ ಕೊಡಬೇಕಪ್ಪಾ," ಎಂದರು ಮಾಸ್ತರರು. ಆದರೆ ಅಷ್ಟು ದಿನ ಅವರ ತಲೆ ತಿಂದ ಪ್ರಶ್ನೆಯೂ ಅದೇ ಆಗಿತ್ತು. ಬಾಯಿ ಬೇಡವೆನ್ನುತ್ತಿರುವಾಗ ಕೈ ಮುಚ್ಚಳ ತಿರುಗಿಸಿತು.

ಕತ್ತರಿಯಣ್ಣ ಕತ್ತರಿಯ ತುದಿಯಿಂದ ಮಾತ್ರೆಯ ಮೇಲ್ಪದರ ಕೆರೆದ. ಕಪ್ಪು ಕೋಟಿನ ತುಂಡುಬಟ್ಟೆಯ ಮೇಲೆ ಗೀಟೆಳೆದ. ಅಚ್ಚ ಬಿಳಿ ಗೀಟು ಬಿತ್ತು. ಮಾಸ್ತರರ ಮುಖವೂ ಅದೇ ಬಣ್ಣಕ್ಕೆ ತಿರುಗಿತು.

"ನಾನು ಹೇಳಿದ್ನಲ್ಲ. ಖಾಲಿದೇ."

"ತಡೀರಿ. ಗೀಟು ಬಿದ್ದಿದ್ದೆಲ್ಲ ಚಾಕ್ ಆಗಲ್ಲ." ಅಂಗೈಯಿಂದ ಎರಡು ಸಲ ಕೊಡವಿದ, ಗೀಟು ಹೋಗಲಿಲ್ಲ. ಬ್ರಷ್ಷಿನಿಂದ ಉಜ್ಜಿದ, ಆಗಲೂ ಹೋಗಲಿಲ್ಲ. ಕೊನೆಗೆ ಕಾದ ಇಸ್ತ್ರಿಪೆಟ್ಟಿಗೆ ಆಡಿಸಿದ. ಗೀಟು ಹಳದಿಯಾಯಿತು, ಕೋಣೆಯ ತುಂಬ ಆಸ್ಪತ್ರೆಯ ವಾಸನೆ ಹರಡಿತು.

"ನಮ್ಮ ಚಾಕ್ ಯಾವತ್ತಾದ್ರೂ ಹಳದಿಯಾಗಿದ್ದುಂಟಾ?" ಕತ್ತರಿಯಣ್ಣ ತೀರ್ಪು ಕೊಟ್ಟ. "ಇದು ಅಸಲಿ ಮದ್ದು."

"ಸೊಂಟದ ಕೀಲಿಗೆ ಆಗೋದು ಮಂಡಿ ಕೀಲಿಗೆ ಆಗಲ್ವಾ?" ಎನ್ನುತ್ತ ಗುಂಡಿಯಕ್ಕ ಒಂದನ್ನು ನುಂಗಿಯೇಬಿಟ್ಟರು. ತಡೆಯಲು ಮಾಸ್ತರರು ಮುಂದಕ್ಕೆ ಬಾಗಬೇಕಿತ್ತು. ಅದು ಅವರಿಂದ ಆಗುವ ಕೆಲಸವಾಗಿರಲಿಲ್ಲ. ಕತ್ತರಿ ಹಿಡಿದು ಬಾತಿದ್ದ ಹೆಬ್ಬೆರಳಿಗೆಂದು ಕತ್ತರಿಯಣ್ಣ ಒಂದು ತೆಗೆದುಕೊಂಡ. ಗದ್ದಲ ಕೇಳಿ ಬಂದ ಯಜಮಾನರು ವಿಷಯ ತಿಳಿದು, "ಕತ್ತು ಹಿಡ್ಕೊಂಡು ವಾರವಾಯ್ತು, ಇತ್ತ ಕೊಡಿ," ಎಂದರು. ಯಜಮಾನರಿಗೆ ಇಲ್ಲವೆನ್ನುವುದು ಹೇಗೆ? ತಳದಲ್ಲಿ ಉಳಿದಿದ್ದ ಕೊನೆಯದನ್ನು ಮಾಸ್ತರರೇ ನುಂಗಿದರು.

ಮಧ್ಯಾಹ್ನದ ಹೊತ್ತಿಗೆ ಅಂಗಡಿಯ ಚಹರೆಯೇ ಬದಲಾಗಿತ್ತು. ಯಜಮಾನರು ಟೇಬಲ್ ಫ್ಯಾನಿನಂತೆ ಕತ್ತು ತಿರುಗಿಸುತ್ತ ಬೀದಿಯ ಎರಡೂ ತುದಿ ನೋಡುತ್ತಿದ್ದರು. ಕತ್ತರಿಯಣ್ಣ ದಪ್ಪ ಕಂಬಳಿ ಬಟ್ಟೆಯನ್ನು ಕಾಗದದಂತೆ ಕತ್ತರಿಸುತ್ತಿದ್ದ. ಗುಂಡಿಯಕ್ಕ ತಾವೇ ಏಣಿ ಹತ್ತಿ ಅಟ್ಟದಿಂದ ಗುಂಡಿಡಬ್ಬಿ ಇಳಿಸಿದರು. ಮಾಸ್ತರರು ಇದನ್ನೆಲ್ಲ ನೋಡಿ ಧೈರ್ಯ ತಂದುಕೊಂಡು ಎದ್ದರು. ಅರ್ಧದಲ್ಲೇ ಸಿಕ್ಕಿಕೊಂಡರು.

"ನಿಮ್ಮ ಸೊಂಟಕ್ಕೆ ಯಾರ ಮಾತೂ ಕೇಳಿ ಅಭ್ಯಾಸ ಇಲ್ಲ ಬಿಡಿ," ಎಂದರು ಗುಂಡಿಯಕ್ಕ, ಏಣಿಯ ಮೇಲಿನಿಂದ.

ಸಂಜೆ ಯಜಮಾನರು ಅಂಗಡಿಗೆ ಬೀಗ ಹಾಕಿದರು. ಕುತೂಹಲ ಯಾರನ್ನೂ ಮನೆಗೆ ಹೋಗಲು ಬಿಡಲಿಲ್ಲ. ನಾಲ್ವರೂ ಆಸ್ಪತ್ರೆಗೆ ಹೊರಟರು. ಡಾಕ್ಟರಮ್ಮ ಶೀಶೆ ಅಲ್ಲಾಡಿಸಿದರು. ಸದ್ದು ಬರಲಿಲ್ಲ.

"ಉಳಿದ ಮಾತ್ರೆಗಳೆಲ್ಲಿ?"

ಮಾಸ್ತರರು ಪಕ್ಕದಲ್ಲಿ ನಿಂತಿದ್ದ ಮೂವರನ್ನು ತೋರಿಸಿದರು.

ಡಾಕ್ಟರಮ್ಮ ತಲೆ ಹಿಡಿದುಕೊಂಡರು. ಹೊರಗಿನವರು ನುಂಗಿದ್ದರಿಂದ ಅದು ಏನೆಂದು ಈಗ ತಿಳಿಯಲೇಬೇಕಿತ್ತು. ಎಲ್ಲಿಗೋ ಫೋನ್ ಮಾಡಿ ಒಪ್ಪಿಗೆ ಪಡೆದರು, ಕಂಪ್ಯೂಟರು ಬಾಯಿಬಿಟ್ಟಿತು.

"ಅಸಲಿ ಮದ್ದೇ," ಎಂದರು.

ಕತ್ತರಿಯಣ್ಣ ಚುನಾವಣೆ ಗೆದ್ದವನಂತೆ ಸುತ್ತ ನೋಡಿದ. ತನ್ನ ಇಸ್ತ್ರಿಪರೀಕ್ಷೆಯನ್ನೂ ಗುಂಡಿಯಕ್ಕ ಏಣಿ ಹತ್ತಿದ್ದನ್ನೂ ವರ್ಣಿಸಿದ.

"ಒಂದು ಮಾತ್ರೆಯಿಂದ ತೊಂದರೆ ಏನಿಲ್ಲ, ಭಯಪಡಬೇಡಿ," ಎಂದರು ಡಾಕ್ಟರಮ್ಮ. "ಆದರೆ ಉಪಯೋಗವೂ ಇಲ್ಲ. ವಾರಗಟ್ಟಲೆ ತಗೊಂಡ ಮೇಲೆ ಕೆಲಸ ಶುರು ಮಾಡೋ ಮದ್ದು ಇದು. ನಿಮ್ಮ ಮಂಡಿ ಮಡಚಿಸಿದ್ದು ಮಾತ್ರೆ ಅಲ್ಲ."

"ಮತ್ತಿನ್ನೇನು?" ಎಂದರು ಗುಂಡಿಯಕ್ಕ.

ಡಾಕ್ಟರಮ್ಮ ಕತ್ತರಿಯಣ್ಣನತ್ತ ಕೈ ತೋರಿಸಿದರು. "ಅದು ಅಸಲಿ ಅಂತ ಇವರು ಹೇಳಿದ ಮಾತು."

ಮಾಸ್ತರರಿಗೆ ತಡೆಯಲಾಗಲಿಲ್ಲ. "ನಾನು ವಾರಗಟ್ಟಲೆ ನುಂಗಿದೀನಲ್ಲ ಡಾಕ್ಟರೇ. ನನಗ್ಯಾಕೆ ವಾಸಿಯಾಗ್ಲಿಲ್ಲ?"

"ನುಂಗುವಾಗ ಏನಂದ್ಕೋತಿದ್ರಿ?"

"ಇದು ಖಾಲಿದೇ ಇರಬೇಕು ಅಂತ."

"ದಿನಾನೂ?"

"ದಿನಾನೂ. ತಪ್ಪಿಸಿಲ್ಲ."

ಡಾಕ್ಟರಮ್ಮ ಅವರನ್ನು ಒಂದು ಬಗೆಯ ಗೌರವದಿಂದ ನೋಡಿದರು. "ಸುಣ್ಣ ತಿಂದು ವಾಸಿಯಾದವರನ್ನ ನೋಡಿದೀನಿ. ಮದ್ದು ತಿಂದೂ ಅದನ್ನ ಸೋಲಿಸಿದವರನ್ನ ಇವತ್ತೇ ನೋಡಿದ್ದು."

ಮಾಸ್ತರರ ಕಣ್ಣಿಗೆ ಬೆಳಕು ಬಂತು. "ಹಾಗಾದ್ರೆ ಈಗ ಅಸಲಿ ಅಂತ ಗೊತ್ತಾಯ್ತಲ್ಲ. ಇನ್ನೊಂದು ಶೀಶೆ ಕೊಡಿ. ಮನಸ್ಸಿಟ್ಟು ನುಂಗ್ತೀನಿ."

"ಅದೇ ಆಗಲ್ಲ. ಏನು ನುಂಗ್ತಿದೀನಿ ಅಂತ ಗೊತ್ತಿರೋರಿಗೆ ಈ ಪ್ರಯೋಗದಲ್ಲಿ ಜಾಗ ಇಲ್ಲ. ಇದು ಮದ್ದಿನಂಗಡಿಗೂ ಇನ್ನೂ ಬಂದಿಲ್ಲ." ಎಂದವರು ಉಳಿದ ಮೂವರತ್ತ ತಿರುಗಿ, ನಂಬಿಕೆಯ ಬಗ್ಗೆ ಹೊಸದೊಂದು ಪ್ರಯೋಗಕ್ಕೆ ಬರುತ್ತೀರಾ ಎಂದು ಕೇಳಿದರು.

ಮರುದಿನ ಕಿಟಕಿ ಪಕ್ಕದ ಯಂತ್ರಕ್ಕೆ ಗುಂಡಿಯಕ್ಕ ಬಂದು ಕೂತರು. ಮಾತ್ರೆಯ ಗುಣವಲ್ಲವೆಂದು ಗೊತ್ತಾದ ಮೇಲೂ ಅವರ ಮಂಡಿ ಮಡಚುತ್ತಲೇ ಇತ್ತು. ಮಾಸ್ತರರು ಗುಂಡಿ ಹಚ್ಚುತ್ತಿದ್ದಾರೆ. ಸೊಂಟ ನೋಯುತ್ತಿದೆ.