ಮೂರನೆಯ ನೂರು ಮೀಟರ್ ಓಡಿದ ದಾನಿಗಳು

ಮಾನ್ಯ ಅಧ್ಯಕ್ಷರು,
ಹಾಲ್ ಆಫ್ ಫೇಮ್ ಆಯ್ಕೆ ಸಮಿತಿ,
ಹೊಂಬೆಳಕು ಪ್ರಥಮ ದರ್ಜೆ ಕಾಲೇಜು – ಇವರ ಸನ್ನಿಧಿಗೆ.

ಮಾನ್ಯರೇ,

ತಮಗೂ, ತಮ್ಮ ಸಮಿತಿಯ ಕಾರ್ಯದರ್ಶಿಯವರಿಗೂ, ಅದರ ಉಪಸಮಿತಿಗಳಿಗೂ, ಆ ಉಪಸಮಿತಿಗಳಿಗೆ ಹೊತ್ತುಹೊತ್ತಿಗೆ ಚಹಾ ಒದಗಿಸುವ ಕ್ಯಾಂಟೀನಿನವರಿಗೂ ಬೆಳ್ತಂಗಡಿ ಸಮೀಪದ ಲಾಯಿಲದಿಂದ ಪದ್ಮಾಕ್ಷಿ ಮಾಡುವ ವಿನಯಪೂರ್ವಕ ನಮಸ್ಕಾರಗಳು. ನಾನು ತಮ್ಮ ಕಾಲೇಜಿನ ಹಳೆ ವಿದ್ಯಾರ್ಥಿನಿ, ಒಂದು ಕಾಲದ ಓಟಗಾರ್ತಿ, ಈಗ ಹಾಲಿನ ಸೊಸೈಟಿಯ ಕಾರ್ಯದರ್ಶಿ. ಮೇಲಿನವರಿಗೆ ಪತ್ರ ಬರೆದು ಬರೆದು ನನ್ನ ಕನ್ನಡ ಗಂಜಿ ಹಾಕಿ ಇಸ್ತ್ರಿ ಮಾಡಿದ ಹಾಗೆ ಆಗಿದೆ, ಅದನ್ನು ಗೌರವವೆಂದೇ ಭಾವಿಸಬೇಕು. ಈ ಪತ್ರವನ್ನು ತಮಗೊಬ್ಬರಿಗೇ ಕಳುಹಿಸಬಹುದಿತ್ತು. ಆದರೆ ತಾವು ಗೋಡೆಯ ಮೇಲೆ ಎಲ್ಲರಿಗೂ ಕಾಣುವಂತೆ ಬರೆಸಿರುವಾಗ ನಾನು ಮಾತ್ರ ಲಕೋಟೆಯೊಳಗೆ ಅಂಟಿಸಿ ಕಳುಹಿಸುವುದು ಮರ್ಯಾದೆಯಲ್ಲವೆಂದು ಪತ್ರಿಕೆಗೂ ಒಂದು ಪ್ರತಿ ಕೊಟ್ಟಿದ್ದೇನೆ.

ಮೊದಲಿಗೆ ಅಭಿನಂದನೆ. ಹಳೆಯ ಕ್ರೀಡಾಪಟುಗಳನ್ನೂ ಕೋಚುಗಳನ್ನೂ ನೆನಪಿಟ್ಟುಕೊಂಡು ಅವರಿಗೊಂದು ಹಾಲ್ ಆಫ್ ಫೇಮ್ ಕಟ್ಟಿಸಬೇಕೆಂದು ತಮಗೆ ತೋಚಿದ್ದೇ ದೊಡ್ಡ ಸಂಗತಿ. ನಮ್ಮ ಕಾಲದಲ್ಲಿ, ಈಗ ಅದನ್ನು ಕಟ್ಟಿಸಿರುವ ಆ ಮೆಟ್ಟಿಲ ಕೆಳಗಿನ ಜಾಗದಲ್ಲಿ ಕಾಲು ಮುರಿದ ಹರ್ಡಲ್‌ಗಳೂ, ಟ್ರ್ಯಾಕಿಗೆ ಗೆರೆ ಎಳೆಯುವ ಸುಣ್ಣದ ಚೀಲವೂ, ನಮ್ಮ ಕೋಚ್ ಮುಂಡಪ್ಪ ಮಾಸ್ಟ್ರ ಕೊಡೆಯೂ ಇರುತ್ತಿದ್ದವು. ಈಗ ಅಲ್ಲಿ ಗ್ರಾನೈಟ್ ನೆಲ ಬಂದಿದೆ, ಪ್ರತಿ ಫೋಟೋದ ಮೇಲೂ ಒಂದೊಂದು ದೀಪ ಉರಿಯುತ್ತದೆ, ಒಳಗೆ ಹೋಗುವವರು ಚಪ್ಪಲಿ ಕಳಚಿಡಬೇಕೆಂಬ ಫಲಕವೂ ಇದೆ. ಮಹಾದಾನಿಗಳಾದ ಶ್ರೀ ರಂಜಿತ್ ಅವರ ಹೆಸರಂತೂ ಎಷ್ಟು ದೊಡ್ಡ ಅಕ್ಷರದಲ್ಲಿದೆಯೆಂದರೆ, ಕನ್ನಡಕ ಮರೆತು ಬಂದಿದ್ದ ನನಗೂ ಅದು ಗೇಟಿನಿಂದಲೇ ಓದಲು ಸಿಕ್ಕಿತು. ಈಗ ನಮ್ಮೊಡನಿಲ್ಲದ ಮುಂಡಪ್ಪ ಮಾಸ್ಟ್ರ ಫೋಟೋವನ್ನೂ ಒಳ್ಳೆಯ ಜಾಗದಲ್ಲಿ ಹಾಕಿದ್ದೀರಿ, ಕೆಳಗೆ ಅವರ ಮಾತೆಂದು 'ಹಿಂದೆ ನೋಡಬೇಡಿ' ಎಂದು ಬಂಗಾರದ ಬಣ್ಣದಲ್ಲಿ ಬರೆಸಿದ್ದೀರಿ. ಆ ಮಾತಿನ ವಿಷಯಕ್ಕೆ ಆಮೇಲೆ ಬರುತ್ತೇನೆ.

ತಮ್ಮ ಆಮಂತ್ರಣ ಪತ್ರಿಕೆ ಕೈಸೇರಿದಾಗ ನನಗಾದ ಸಂತೋಷವನ್ನು ಮುಚ್ಚಿಡುವುದಿಲ್ಲ. ನಮ್ಮ ಕಾಲದ ಮಹಿಳೆಯರ ನಾಲ್ಕು ನೂರು ಮೀಟರ್ ರಿಲೇ ತಂಡಕ್ಕೆ ಸನ್ಮಾನ ಎಂದು ಅದರಲ್ಲಿ ಅಚ್ಚಾಗಿತ್ತು. ಹೊಸ ಸೀರೆ ತೆಗೆದೆ. ರವಿಕೆ ಬಟ್ಟೆ ಹಿಡಿದುಕೊಂಡು ಬಂಟ್ವಾಳಕ್ಕೆ ಹೋದೆ, ಏಕೆಂದರೆ ನನ್ನ ರವಿಕೆ ಹೊಲಿಯುವವಳು ಅಲ್ಲಿನ ಖದೀಜ. ಈ ಖದೀಜ ಯಾರೆಂದು ತಮಗೆ ತಿಳಿಯದಿದ್ದರೆ ಹೇಳುತ್ತೇನೆ: ನಮ್ಮ ತಂಡದಲ್ಲಿ ಕಾಂತಿ ಮೊದಲು ಓಡಿದವಳು, ವಿಜೇತಾ ಎರಡನೆಯವಳು, ಖದೀಜ ಮೂರನೆಯವಳು, ನಾನು ಕೊನೆಯವಳು. ನಮ್ಮೊಳಗೆ ತುಳುವಿನಲ್ಲೇ ನಡೆಯುವ ಮಾತನ್ನು ತಮ್ಮ ಅನುಕೂಲಕ್ಕಾಗಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಸನ್ಮಾನಕ್ಕೆ ನೀನು ಯಾವ ಬಣ್ಣದ್ದು ಹಾಕಿಕೊಳ್ಳುವುದು ಎಂದು ಅವಳನ್ನು ಕೇಳಿದೆ. ಅವಳು ಅಳತೆಯ ಟೇಪನ್ನು ನನ್ನ ಹೆಗಲ ಮೇಲೆ ಹಿಡಿದು, "ನಾನು ಅಲ್ಲಿಗೆ ಯಾಕೆ ಬರುದು ಪದ್ದು, ತೋಳು ಎಷ್ಟು ಉದ್ದ ಇಡುವ?" ಎಂದಳು.

ಉತ್ತರ ಕೊಟ್ಟದ್ದು ಅವಳ ಮಗಳು ಮಿಸ್ರಿಯಾ. ತಮ್ಮದೇ ಕಾಲೇಜಿನಲ್ಲಿ ಬಿ.ಕಾಂ. ಮೊದಲ ವರ್ಷದಲ್ಲಿ ಓದುವ ಈ ಹುಡುಗಿ ಉದ್ಘಾಟನೆಗೆ ಮುಂಚೆಯೇ, ತನ್ನ ಉಮ್ಮನನ್ನು ತೋರಿಸುತ್ತೇನೆಂದು, ಕ್ಲಾಸಿನ ಗೆಳತಿಯರನ್ನೆಲ್ಲ ತಮ್ಮ ಹಾಲ್ ಆಫ್ ಫೇಮಿಗೆ ಕರೆದುಕೊಂಡು ಹೋಗಿದ್ದಳಂತೆ. ಅಲ್ಲಿ ರಿಲೇ ತಂಡದ ನಾಲ್ಕು ಚೌಕಟ್ಟುಗಳಲ್ಲಿ ಮೂರನೆಯದರಲ್ಲಿ ಸೂಟು ತೊಟ್ಟ, ದಪ್ಪ ಮೀಸೆಯ ಮಹನೀಯರೊಬ್ಬರು ನಗುತ್ತಿದ್ದರು. "ನಿನ್ನ ಉಮ್ಮನಿಗೆ ಮೀಸೆ ಉಂಟಾ ಮಾರಾಯ್ತಿ?" ಎಂದು ಒಬ್ಬಳು ಕೇಳಿದಳು. ಉಳಿದವರು ನಕ್ಕರು. ಆ ಮಾತು ಈಗ ಕ್ಲಾಸಿನಲ್ಲೆಲ್ಲ ಓಡಾಡುತ್ತಿದೆ ಎಂದು ಮಿಸ್ರಿಯಾ ನನ್ನ ಮುಖ ನೋಡದೆ, ಯಾರದೋ ರವಿಕೆಗೆ ಹುಕ್ಕು ಹೊಲಿಯುತ್ತ ಹೇಳಿದಳು.

ಕೇಳಿದ್ದನ್ನು ನಂಬದೆ ಮರುದಿನವೇ ಸೊಸೈಟಿಗೆ ರಜೆ ಹಾಕಿ, ಮಡಂತ್ಯಾರಿನಲ್ಲಿ ಬಸ್ಸು ಬದಲಿಸಿ, ಕಾಲೇಜಿಗೆ ಬಂದು, ಚಪ್ಪಲಿ ಕಳಚಿಟ್ಟು ನೋಡಿದೆ. ಹೌದು ಮಾನ್ಯರೇ. ಕಾಂತಿ, ವಿಜೇತಾ, ಶ್ರೀ ರಂಜಿತ್, ಪದ್ಮಾಕ್ಷಿ. ನಾವು ಗೆದ್ದ ವರ್ಷ ಶ್ರೀ ರಂಜಿತ್ ಅವರು ಬಹುಶಃ ಅಂಗನವಾಡಿಯಲ್ಲಿ ಉಪ್ಪಿಟ್ಟು ತಿನ್ನುತ್ತಿದ್ದಿರಬೇಕು. ಅಂಥ ಎಳೆಯ ವಯಸ್ಸಿನಲ್ಲಿ, ಅದೂ ಮಹಿಳೆಯರ ವಿಭಾಗದಲ್ಲಿ, ಅದೂ ಟೈ ಕಟ್ಟಿಕೊಂಡು, ಅಂತರ ಕಾಲೇಜು ಕೂಟದ ತಿರುವಿನಲ್ಲಿ ಓಡಿದ ಅವರ ಸಾಧನೆಯ ಮುಂದೆ ನಮ್ಮದೇನು ಮಹಾ. ಅವರ ಮೇಲೆ ನನಗೆ ಬೇಸರವಿಲ್ಲ ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. ಗಲ್ಫಿನಲ್ಲಿ ಹೋಟೆಲು ನಡೆಸುವ ಮನುಷ್ಯ, ಊರಿನ ಕಾಲೇಜಿಗೆ ಕೈಬಿಚ್ಚಿ ಕೊಟ್ಟರು. ತಾವು ಫೋಟೋ ಕೇಳಿದಿರಿ, ಇದ್ದುದರಲ್ಲಿ ಚೆನ್ನಾದದ್ದನ್ನು ಕಳುಹಿಸಿದರು. ಅದು ಯಾವ ಓಟದಲ್ಲಿ ಸೇರುತ್ತದೆಂದು ಅವರಿಗೆ ಗೊತ್ತಿರಲಿಕ್ಕಿಲ್ಲ.

ತಮ್ಮ ಕಾರ್ಯದರ್ಶಿಯವರಿಗೆ ಫೋನು ಮಾಡಿದೆ. ಅವರು ಬಹಳ ಸಮಾಧಾನದಿಂದ ಮಾತಾಡಿದರು, ಅದಕ್ಕಾಗಿ ಅವರಿಗೂ ಒಂದು ಅಭಿನಂದನೆ. ಪದವಿ ಪೂರೈಸಿದವರನ್ನು ಮಾತ್ರ ಹಳೆ ವಿದ್ಯಾರ್ಥಿಗಳೆಂದು ಪರಿಗಣಿಸಬೇಕೆಂಬ ನಿಯಮವಿದೆಯಂತೆ, ಖದೀಜ ಎರಡನೆಯ ವರ್ಷದ ಕೊನೆಗೆ ಕಾಲೇಜು ಬಿಟ್ಟವಳಾದ್ದರಿಂದ ಅವಳು ಓಡಿದ್ದು ನಿಯಮದೊಳಗೆ ಬರುವುದಿಲ್ಲವಂತೆ. ಅವಳು ಬಿಟ್ಟದ್ದು ಏಕೆಂದು ನಿಯಮಕ್ಕೆ ತಿಳಿದಿರಲಾರದು. ಅವಳ ತಂದೆ ಉಮ್ಮರ್ ಬ್ಯಾರಿಯವರು ಲಾರಿಯ ಮೇಲಿಂದ ಬಿದ್ದು ಸೊಂಟ ಮುರಿದುಕೊಂಡರು, ಮನೆಯಲ್ಲಿ ಬೀಡಿ ಕಟ್ಟುವವರ ಜೊತೆ ಇವಳೂ ಕೂರಬೇಕಾಯಿತು. ಅದು ಹಾಗಿರಲಿ, ದಾನಿಗಳು ಅಲ್ಲಿಗೆ ಹೇಗೆ ಬಂದರು ಎಂದು ಕೇಳಿದೆ. "ಅದು ಹೇಗೆ ಗೊತ್ತುಂಟಾ ಮೇಡಂ, ನಾಲ್ಕು ಫ್ರೇಮು ಮೊದಲೇ ಮಾಡಿಸಿ ಆಗಿತ್ತು. ಖಾಲಿ ಫ್ರೇಮು ಗೋಡೆಯಲ್ಲಿ ಇರಬಾರ್ದು, ಶುಭ ಅಲ್ಲ ಅಂತ ಹೇಳ್ತಾರೆ. ಹಾಗೆ ಸಾರ್‌ದು ಹಾಕಿದ್ದು" ಎಂದರು. ಹಾಲಿಗೆ ನೀರು ಬೆರೆಸಿ ತರುವವರನ್ನು ನಾನು ದಿನವೂ ನೋಡುತ್ತೇನೆ. ಹಾಲನ್ನು ಚೆಲ್ಲಿ ಬರೀ ನೀರನ್ನು ಪಾತ್ರೆಯ ಅಂದ ಕೆಡದಿರಲೆಂದು ತುಂಬಿಸಿ ತಂದವರನ್ನು ನೋಡಿದ್ದು ಇದೇ ಮೊದಲು.

ನಾನು ಬಿಡದೆ, ಹಾಗಾದರೆ ನನ್ನ ಕೈಗೆ ಬ್ಯಾಟನ್ ಕೊಟ್ಟವರು ಯಾರು ಸ್ವಾಮಿ ಎಂದು ಕೇಳಿದೆ. ಆಗ ಅವರು ನಗುತ್ತ, "ನಿಮ್ಮ ಕೋಚೇ ಹಿಂದೆ ನೋಡಬೇಡಿ ಅಂತ ಹೇಳಿಕೊಟ್ಟದ್ದಲ್ವಾ? ನೀವು ಹಿಂದೆ ನೋಡ್ಲೇ ಇಲ್ಲ. ಮತ್ತೆ ಕೊಟ್ಟದ್ದು ಯಾರು ಅಂತ ನಿಮಗೆ ಹೇಗೆ ಗೊತ್ತು?" ಎಂದರು. ಇಷ್ಟು ಚುರುಕು ಬುದ್ಧಿಯವರು ಸಮಿತಿಯಲ್ಲಿರುವಾಗ ಕಾಲೇಜು ಉದ್ಧಾರವಾಗದೆ ಇರುವುದು ಹೇಗೆ. ಆದರೆ ಮುಂಡಪ್ಪ ಮಾಸ್ಟ್ರು ಹೇಳುತ್ತಿದ್ದ ಪೂರ್ತಿ ಮಾತು ಹೀಗಿತ್ತು: ನಿನ್ನ ಜೊತೆಗಾರ್ತಿ ಗುರುತಿನ ಗೆರೆ ದಾಟುವ ತನಕ ಅವಳ ಮೇಲಿಂದ ಕಣ್ಣು ತೆಗೆಯಬೇಡ, ದಾಟಿದ ಮೇಲೆ ಹಿಂದೆ ನೋಡಬೇಡ. ತಾವು ಚೌಕಟ್ಟಿನ ಅಗಲಕ್ಕೆ ಮಾತಿನ ಮೊದಲರ್ಧವನ್ನೂ ಕತ್ತರಿಸಿದ್ದೀರಿ.

ನಾನು ಕಣ್ಣು ತೆಗೆದಿರಲಿಲ್ಲ ಮಾನ್ಯರೇ. ಮಂಗಳೂರಿನ ಸ್ಟೇಡಿಯಮ್ಮಿನಲ್ಲಿ ಕೊನೆಯ ತಿರುವಿನ ಆಚೆ ನಿಂತು ಎಲ್ಲವನ್ನೂ ನೋಡಿದವಳು ನಾನು. ಕಾಂತಿ ಚೆನ್ನಾಗಿ ಹೊರಟಳು. ವಿಜೇತಾಳಿಂದ ಖದೀಜಳಿಗೆ ಬ್ಯಾಟನ್ ಕೈ ಬದಲಾಗುವಾಗ ಸ್ವಲ್ಪ ತಡವರಿಸಿತು, ನಮ್ಮ ಮುಂದೆ ಇಬ್ಬರಿದ್ದರು, ಇಬ್ಬರ ಕಾಲಿನಲ್ಲೂ ಮೊಳೆಯ ಶೂ, ಖದೀಜಳದು ಬರಿಗಾಲು. ತಿರುವಿನ ಅರ್ಧಕ್ಕೆ ಬರುವಾಗ ಅವಳು ಒಬ್ಬಳನ್ನು ದಾಟಿದಳು. ಇನ್ನೊಬ್ಬಳನ್ನು ದಾಟಿದ್ದು ನನ್ನ ಗುರುತಿನ ಗೆರೆಯ ಹತ್ತಿರ. ಆಗ ನಾನು ಮುಂದಕ್ಕೆ ತಿರುಗಿ ಓಡಿದೆ, ಹಿಂದಿನಿಂದ ಅವಳು "ಪದ್ದೂ" ಎಂದು ಕೂಗಿದ್ದು ಕೇಳಿತು, ಬ್ಯಾಟನ್ ಕೈಯಲ್ಲಿತ್ತು. ಅಲ್ಲಿಂದ ಮುಂದೆ ನನ್ನ ಕೆಲಸ ಬೀಳದೆ ಇರುವುದಷ್ಟೇ. ಕೊನೆಯ ಗೆರೆಯ ಟೇಪು ಹರಿದವಳ ಫೋಟೋ ಪೇಪರಿನಲ್ಲಿ ಬಂತು, ಆದ್ದರಿಂದ ಗೆಲ್ಲಿಸಿದವಳು ನಾನೆಂದು ಊರು ನಂಬಿತು. ಗೆದ್ದದ್ದು ತಿರುವಿನಲ್ಲಿ.

ಇನ್ನು ತಮ್ಮಲ್ಲಿ ಕೆಲವು ವಿನಂತಿಗಳು. ಶ್ರೀ ರಂಜಿತ್ ಅವರು ಸನ್ಮಾನಕ್ಕೆ ದುಬೈಯಿಂದ ಬರುವವರಿದ್ದಾರೆಂದು ಆಮಂತ್ರಣದಲ್ಲಿದೆ. ದೀಪ ಬೆಳಗಿಸುವ ಮೊದಲು ಅವರನ್ನು ದಯಮಾಡಿ ಮೈದಾನದ ತಿರುವಿನವರೆಗೆ ಕರೆದುಕೊಂಡು ಬರಬೇಕು. ಸೂಟು ಬಿಚ್ಚಬೇಕಾಗಿಲ್ಲ, ಶೂ ಮಾತ್ರ ಬಿಚ್ಚಿದರೆ ಸಾಕು. ನಾನು ನನ್ನ ಜಾಗದಲ್ಲಿ ಈ ನೋಯುವ ಮಂಡಿಯನ್ನೇ ಇಟ್ಟುಕೊಂಡು ನಿಲ್ಲುತ್ತೇನೆ. ಅವರು ಇಬ್ಬರನ್ನು ದಾಟಿ ಬಂದು ನನ್ನ ಕೈಗೆ ಬ್ಯಾಟನ್ ಇಟ್ಟರೆ ಆ ಮೂರನೆಯ ಚೌಕಟ್ಟಿಗೆ ನಾನೇ ಹಾರ ಹಾಕುತ್ತೇನೆ. ಅದು ಕಷ್ಟವೆನಿಸಿದರೆ, ರಿಲೇ ಓಟವನ್ನು ಇನ್ನು ಮುಂದೆ ಮುನ್ನೂರು ಮೀಟರಿಗೆ ಇಳಿಸಿ ಉಳಿದ ನೂರು ಮೀಟರನ್ನು ಚೆಕ್ಕಿನ ಮೂಲಕ ಸಂದಾಯ ಮಾಡಬಹುದೆಂದು ಒಲಿಂಪಿಕ್ಸಿನವರಿಗೆ ತಾವೊಂದು ಪತ್ರ ಬರೆದು ನೋಡಬಹುದು, ತಮ್ಮ ಲೆಟರ್‌ಹೆಡ್ ಚೆನ್ನಾಗಿದೆ. ಮುಂದೊಂದು ದಿನ ವಾಲಿಬಾಲ್ ತಂಡದ ಚೌಕಟ್ಟು ಮಾಡಿಸುವಾಗ ಶಾಮಿಯಾನದವರನ್ನೂ ಕೇಟರಿಂಗಿನವರನ್ನೂ ನೆಟ್ಟಿನ ಹತ್ತಿರ ನಿಲ್ಲಿಸಬಹುದು. ಎತ್ತರದವರನ್ನೇ ಆರಿಸಬೇಕೆಂದು ಮಾತ್ರ ನನ್ನ ಸಲಹೆ.

ಇಲ್ಲಿಯವರೆಗೆ ನಗುತ್ತ ಬರೆದೆ. ಇನ್ನು ನನ್ನಿಂದ ಆಗುವುದಿಲ್ಲ, ನನಗೆ ನಿಜವಾಗಿ ಸಿಟ್ಟು ಬಂದಿದೆ.

ರವಿಕೆ ತರಲು ಹೋದ ದಿನ ಮಿಸ್ರಿಯಾ ಮನೆಯಲ್ಲಿರಲಿಲ್ಲ. ಖದೀಜ ಬಾಗಿಲ ತನಕ ಬಂದಳು. ಗೋಡೆಯಲ್ಲಿ ತಾನಿಲ್ಲದ್ದರ ಬಗ್ಗೆ ಅವಳದೇನೂ ದೂರಿಲ್ಲ, ಅವಳಿಗೆ ಹೊಲಿಯಲು ರಾಶಿ ಬಟ್ಟೆಯಿದೆ. ಆದರೆ ಹೊರಡುವಾಗ ಹೇಳಿದಳು: "ಮೊನ್ನೆ ಮಗಳು ಕೇಳಿದ್ಳು ಪದ್ದು. ಉಮ್ಮ, ನೀನು ನಿಜವಾಗಿ ಓಡಿದ್ದಾ, ಇಲ್ಲ ನಾನು ಸಣ್ಣದಿರುವಾಗ ಊಟ ಮಾಡಿಸ್ಲಿಕ್ಕೆ ಹೇಳಿದ ಕತೆಯಾ ಅಂತ. ನಾನು ಏನು ಹೇಳುದು? ನಾನು ಓಡಿದ್ದನ್ನು ನಾನು ನೋಡ್ಲಿಲ್ಲ. ನೋಡಿದ್ದು ನೀವೆಲ್ಲ."

ಮಾನ್ಯರೇ, ವಿಜೇತಾ ಮಸ್ಕತ್‌ನಲ್ಲಿದ್ದಾಳೆ, ನನ್ನ ಸಂದೇಶ ಓದಿದ ಗುರುತು ಬಂದಿದೆ, ಉತ್ತರ ಬಂದಿಲ್ಲ. ಕಾಂತಿ ಮೂಡುಬಿದಿರೆಯಲ್ಲಿ ನೆಂಟರಿಗೆಲ್ಲ ಸನ್ಮಾನದ ವಿಷಯ ಹೇಳಿ ಆಗಿದೆ, ಅವಳು ಬರುತ್ತಾಳೆ. ಅವಳನ್ನು ನಾನು ದೂರುವುದಿಲ್ಲ, ಅವಳು ನಿಂತದ್ದು ಟ್ರ್ಯಾಕಿನ ಆ ಕೊನೆಯಲ್ಲಿ, ಅಲ್ಲಿಂದ ಈ ತಿರುವು ಸರಿಯಾಗಿ ಕಾಣುವುದಿಲ್ಲ. ಆದರೆ ನಾನು ವೇದಿಕೆ ಹತ್ತಿ, ಮೈಕಿನಲ್ಲಿ ಮೂರು ಹೆಸರು ಓದುವಾಗ ತಲೆ ಬಗ್ಗಿಸಿ ಶಾಲು ಹೊದೆಸಿಕೊಂಡರೆ, ಆ ಹುಡುಗಿಯ ಉಮ್ಮ ಸುಳ್ಳುಗಾತಿ ಎಂದು ನಾನೇ ಊರೆದುರು ಸಹಿ ಹಾಕಿದಂತೆ. ನಿಯಮ ತಮ್ಮದು, ಗೋಡೆ ತಮ್ಮದು, ನನ್ನ ಹೆಗಲು ಮಾತ್ರ ನನ್ನದು. ಖದೀಜಳ ಫೋಟೋ ಮೂರನೆಯ ಜಾಗಕ್ಕೆ ಬಂದರೆ ನಾವು ಬರುತ್ತೇವೆ, ಶಾಲು ಇಲ್ಲದಿದ್ದರೂ ಬರುತ್ತೇವೆ, ಇದೊಂದೇ ನನ್ನ ನಿಜವಾದ ಬೇಡಿಕೆ.

ಬಾರದಿದ್ದರೆ, ಸನ್ಮಾನದ ದಿನ ಅದೇ ಹೊತ್ತಿಗೆ ನನಗೆ ಬಂಟ್ವಾಳದಲ್ಲಿ ಬೇರೊಂದು ಕಾರ್ಯಕ್ರಮವಿದೆ. ಮಿಸ್ರಿಯಾ ತನ್ನ ಕ್ಲಾಸಿನ ಗೆಳತಿಯರನ್ನು ಮನೆಗೆ ಊಟಕ್ಕೆ ಕರೆಯುತ್ತಾಳೆ. ಮೀಸೆಯ ಮಾತಾಡಿದವಳನ್ನು ಎಲ್ಲರಿಗಿಂತ ಮೊದಲು ಕರೆಯಬೇಕೆಂದು ನಾನೇ ಹೇಳಿದ್ದೇನೆ. ಅವರೆಲ್ಲರ ಎದುರು ಕುಳಿತು, ಮಿಸ್ರಿಯಾಳ ಮುಖ ನೋಡಿಕೊಂಡು, ಅವಳ ಉಮ್ಮ ಆ ತಿರುವಿನಲ್ಲಿ ಬಂದದ್ದು ಹೇಗೆಂದು ನಾನು ಮೊದಲಿನಿಂದ ಕೊನೆಯ ತನಕ ಹೇಳುವವಳಿದ್ದೇನೆ. ಇದನ್ನು ತಿಳಿಸಿದಾಗ ಖದೀಜ ಅದೆಲ್ಲ ಬೇಡವೇ ಬೇಡ ಎಂದಳು. ಆಮೇಲೆ ಎಷ್ಟು ಜನಕ್ಕೆ ಅಕ್ಕಿ ಹಾಕುವುದು ಎಂದು ಕೇಳಿದಳು.

ಇಷ್ಟಾದ ಮೇಲೂ ತಮ್ಮ ವಿಶ್ವಾಸಿ,
ಪದ್ಮಾಕ್ಷಿ
(ಖದೀಜಳ ಕೈಯಿಂದ ಬ್ಯಾಟನ್ ಪಡೆದವಳು)
ಲಾಯಿಲ, ಬೆಳ್ತಂಗಡಿ

ಮರೆತಿದ್ದ ಮಾತು: ಗೋಡೆ ನೋಡಲು ಬಂದ ದಿನವೇ ನಾಲ್ಕನೆಯ ಚೌಕಟ್ಟಿನಿಂದ ನನ್ನ ಫೋಟೋವನ್ನು ಬೆಂಚು ಹತ್ತಿ ತೆಗೆದುಕೊಂಡು ಹೋಗಿದ್ದೇನೆ, ಈವರೆಗೆ ಯಾರೂ ಗಮನಿಸಿದಂತಿಲ್ಲ. ಖಾಲಿ ಚೌಕಟ್ಟು ಶುಭವಲ್ಲವಾದ್ದರಿಂದ ತಡಮಾಡದೆ ಅಲ್ಲಿ ತಮ್ಮ ಫೋಟೋವನ್ನೇ ಹಾಕಿಸಿಕೊಳ್ಳಬೇಕಾಗಿ ಕೋರುತ್ತೇನೆ. ಕೊನೆಯ ನೂರು ಮೀಟರ್ ತಮಗೆ ಕಷ್ಟವಾಗದು, ದಾನಿಗಳು ಕೈಗಿಟ್ಟದ್ದನ್ನು ಹಿಡಿದುಕೊಂಡು ಓಡುವ ಅಭ್ಯಾಸ ತಮಗೆ ಮೊದಲಿನಿಂದಲೂ ಇದೆ.