ಹಳದಿ ದೀಪಕ್ಕೊಂದು ಹಣೆಬೊಟ್ಟು

ಶಿಸ್ತಿನ ಮನುಷ್ಯನಿಗೆ ಕಾಯಿಲೆ ಅಶಿಸ್ತಿನಿಂದ ಬರುವುದಿಲ್ಲ. ಬಂದರೆ ಶಿಸ್ತಿನಿಂದಲೇ ಬರಬೇಕು. ಶಿಕಾರಿಪುರದ ಶಾಲೆಯಲ್ಲಿ ಆಯುಷ್ಯವೆಲ್ಲ ಮಕ್ಕಳಿಗೆ ಡ್ರಿಲ್ ಮಾಡಿಸಿದ ನನಗೆ ಇದು ತಿಳಿದದ್ದು ನಿವೃತ್ತನಾದ ಮೇಲೆ, ಅದೂ ನನ್ನ ಡೀಸೆಲ್ ಕಾರಿನಿಂದ.

ಪ್ರತಿ ಭಾನುವಾರ ಏಳೂವರೆಗೆ ನಾನೂ ಹೆಂಡತಿ ಸರೋಜಳೂ ಹೊಸಬಾಳೆಯ ಅವಳ ಅಕ್ಕನ ಮನೆಗೆ ಹೊರಡುತ್ತೇವೆ. ವೇಗ ನಲವತ್ತು, ಹೆಚ್ಚಿಲ್ಲ, ಕಡಿಮೆಯಿಲ್ಲ. ಈಚೆಗೆ ಕಾರು ಏರಿನಲ್ಲಿ ಏದುಸಿರು ಬಿಡತೊಡಗಿ, ಒಂದು ದಿನ ಶಿರಾಳಕೊಪ್ಪದ ಬಸ್ ನಿಲ್ದಾಣದ ಎದುರಿಗೇ ಕೆಮ್ಮಿ ನಿಂತುಬಿಟ್ಟಿತು. ಹಿಂದೆಲ್ಲ ಹಾರ್ನು. ಸರೋಜ ಚೀಲ ಎತ್ತಿಕೊಂಡು ಇಳಿದಳು. "ಇದನ್ನ ಸರಿ ಮಾಡಿಸೋ ತನಕ ನಾ ಬಸ್ಸಲ್ಲೇ ಹೋಗ್ತೀನಿ ಮಾರಾಯ್ರೆ." ಮುಂದಿನ ಎರಡು ಭಾನುವಾರವೂ ಹಾಗೇ ಮಾಡಿದಳು. ನೂರು ಮಾರು ದೂರದಲ್ಲೇ "ಎಮ್ಮೆ, ಎಮ್ಮೆ" ಎಂದು ಕೂಗಲು ಪಕ್ಕದಲ್ಲಿ ಯಾರೂ ಇಲ್ಲದೆ ಕಾರು ಓಡಿಸುವುದು ಎಷ್ಟು ಕಷ್ಟವೆಂದು ಆಗ ಗೊತ್ತಾಯಿತು.

ಶನಿವಾರ ಗ್ಯಾರೇಜಿನ ಮೇಸ್ತ್ರಿ ಬಾನೆಟ್ ಎತ್ತಿ ನೋಡಿದ. "ಸರ, ಇಂಜಿನ್ನು ಬಿಟ್ಟ ಹೊಗೀನ ಸ್ವಲ್ಪ ಅದಕ್ಕೇ ವಾಪಸ್ ಕುಡಿಸೋ ವಾಲ್ವ್ ಇದು. ಗಾಳಿ ಕೆಡಬಾರ್ದಂತ ಇಟ್ಟಾರ. ಮಸಿ ಕಟ್ಟೈತ್ರೀ. ಬಿಚ್ಚಿ ತೊಳಿಯಾಕ ಎರಡು ದಿನ ಬೇಕು. ತಗಡು ಹಾಕಿ ಬಾಯಿ ಮುಚ್ಚಿದ್ರ ಈಗ್ಲೇ ಹೋಗಬಹುದು."

"ಅದು ಕಾನೂನಿಗೆ ವಿರುದ್ಧ ಅಲ್ವೇನಯ್ಯ?"

"ವಿರುದ್ಧನ ರೀ. ಅದಕ್ಕ ನಿಮ್ಮನ್ನ ಕೇಳಾಕತ್ತೀನಿ."

ಮರುದಿನ ಭಾನುವಾರ. "ಹಾಕು," ಎಂದೆ.

ಕಾರು ಹಾರಿತು. ಆದರೆ ಸ್ಟೀರಿಂಗಿನ ಎದುರಿಗೆ, ಇಂಜಿನ್ನಿನಲ್ಲಿ ದೋಷವಿದೆಯೆಂದು ಎಚ್ಚರಿಸುವ ಹಳದಿ ದೀಪ ಹತ್ತಿಕೊಂಡಿತು, ಆರಲೇ ಇಲ್ಲ. ಖಾಲಿ ಕೋಣೆಯಲ್ಲಿ ಬಲ್ಬು ಉರಿದರೆ ಊಟದ ನಡುವೆ ಎದ್ದುಹೋಗುವವನು ನಾನು. ಸಂಜೆಯೊಳಗೆ ನಾಲ್ಕು ಸಲ ಶೆಡ್ಡಿಗೆ ಹೋಗಿ ಕೀ ತಿರುಗಿಸಿದೆ. ನಾಲ್ಕು ಸಲವೂ ದೀಪ ಹಾಜರಿ ಹೇಳಿತು. ಐದನೆಯ ಸಲ ಕನ್ನಡಿಗೆ ಅಂಟಿಸಿದ್ದ ಸರೋಜಳ ಕಪ್ಪು ಹಣೆಬೊಟ್ಟನ್ನು ಕಿತ್ತು ತಂದು ಅದರ ಮೇಲೆ ಒತ್ತಿದೆ.

ಬೆಳಿಗ್ಗೆ, ಕಾರು ಸರಿಯಾಯಿತೆಂಬ ನನ್ನ ಮಾತು ನಂಬಿ ಅವಳು ಬಂದು ಕೂತಳು. ಗೇಟು ದಾಟಿಲ್ಲ, "ಇದು ನನ್ನ ಬೊಟ್ಟಲ್ವಾ?" ಎಂದು ಕಿತ್ತಳು. ದೀಪ ಹೊರಬಂತು, ಅದರ ಹಿಂದೆಯೇ ನನ್ನ ಬಾಯಿಂದ ಎಲ್ಲವೂ ಹೊರಬಂತು.

"ಗಾಯಕ್ಕೆ ಮಣ್ಣು ಮೆತ್ಕೊಂಡು ಮುಚ್ಚಿಟ್ಟ ಹುಡುಗರಿಗೆ ಶಾಲೇಲಿ ಏನ್ ಮಾಡ್ತಿದ್ರಿ?"

"ತೊಳೆಸ್ತಿದ್ದೆ."

"ಮತ್ತೆ? ತೊಳೆಸಿ." ಬೊಟ್ಟನ್ನು ಹಣೆಗಿಟ್ಟುಕೊಂಡು ಬಸ್ಸಿಗೆ ನಡೆದಳು.

ಸೋಮವಾರ ಮೇಸ್ತ್ರಿ ತಗಡು ಕಿತ್ತು, ವಾಲ್ವ್ ಬಿಚ್ಚಿ ಮಸಿ ಕೆರೆಯತೊಡಗಿದ. "ಎಷ್ಟರಾಗ ಓಡಿಸ್ತೀರಿ ಸರ?"

"ನಲವತ್ತು. ಯಾವಾಗಲೂ ನಲವತ್ತು," ಎಂದೆ ಎದೆಯುಬ್ಬಿಸಿ.

"ಅದಕ್ಕ ಮತ್ತ! ಡೀಸೆಲ್ ಗಾಡಿನ ಹಿಂಗ ಮೆರವಣಿಗಿ ಹೊಂಡಿಸಿದ್ರ ಮಸಿ ಕಟ್ಟದ ಇರ್ತೈತೇನ್ರೀ? ವಾರಕ್ಕೊಮ್ಮೆ ಆದ್ರೂ ಖಾಲಿ ರೋಡ್ನಾಗ ಸ್ವಲ್ಪ ಜೋರ್ ಬಿಡ್ರೀ, ಉಸಿರಾಡ್ಲಿ."

ಈಗ ನಮ್ಮ ಮನೆಯ ಗೋಡೆಯ ವೇಳಾಪಟ್ಟಿಯಲ್ಲಿ ಹೊಸ ಸಾಲೊಂದಿದೆ: "ಭಾನುವಾರ ೭.೫೦ರಿಂದ ೮.೦೦: ವೇಗ." ಸರೋಜ ಪಕ್ಕದ ಸೀಟಿಗೆ ಮರಳಿದ್ದಾಳೆ. ಕಳೆದ ವಾರ ಕಣ್ಣು ಹಾಯುವಷ್ಟು ದೂರ ರಸ್ತೆ ಖಾಲಿಯಿತ್ತು. "ಈಗ ಒತ್ರೀ!" ಎಂದಳು.

"ಇನ್ನೂ ಎರಡು ನಿಮಿಷ ಇದೆ," ಎಂದೆ.

ಸರಿಯಾಗಿ ಏಳು ಐವತ್ತಕ್ಕೆ ಎಮ್ಮೆಗಳು ಬಂದವು.